ಕೊಟ್ಟ ಮಾತು, ಸೋರುವ ಮಾಡು

ನಿವೃತ್ತಿಯ ಬಳಿಕ ನಾವು ಕಾಸರಗೋಡಿನ ಸಮೀಪ, ಮುರಕಲ್ಲಿನ ಗೋಡೆಯ ಹಳೆಯ ಹಂಚಿನ ಮನೆಯೊಂದನ್ನು ಕೊಳ್ಳಲು ಒಪ್ಪಿ ಮುಂಗಡ ಕೊಟ್ಟೆವು. ನೋಡಿದ್ದು ಬೇಸಗೆಯಲ್ಲಿ. ಆಟಿಯ ಮಳೆಯಲ್ಲಿ ಮತ್ತೆ ಹೋದಾಗ ಚಾವಡಿಯಲ್ಲಿ ನೀರು ನಿಂತಿತ್ತು. ಪಕ್ಕಾಸಿಗೆ ಬೆರಳೊತ್ತಿದರೆ ಗೆದ್ದಲು ತಿಂದ ಹುಡಿ ಉದುರಿತು. ಕೊಟ್ಟ ಮಾತಿನಿಂದ ಹಿಂದೆ ಸರಿಯಬಹುದೆ?

1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಂತೆ, ತನಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರಕ್ಕೆ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸತಕ್ಕದ್ದು. ಈ ಅಳತೆಗೋಲನ್ನು ಮೊದಲು ನಮಗೇ ಹಿಡಿದೆವು. ಒಡೆದ ಹಂಚು, ಗೋಡೆಯಲ್ಲಿ ನೀರಿಳಿದ ಕಲೆ ಅಂದೇ ಕಣ್ಣೆದುರಿಗಿದ್ದವು. ಅಗ್ಗದ ಬೆಲೆಯ ಆಸೆ ನಮ್ಮ ಕಣ್ಣು ಕಟ್ಟಿತ್ತು. ಗೆದ್ದಲಿನ ಸಂಗತಿ ಮಾರುವ ವೃದ್ಧೆಗೂ ತಿಳಿದಿರಲಿಲ್ಲ. ಮುಂಗಡದ ಹಣ ಆಗಲೇ ಅವರ ಔಷಧಕ್ಕೆ ವ್ಯಯವಾಗಿತ್ತು. ಅವರನ್ನು ಮೋಸಗಾರರೆಂದರೆ ನಮ್ಮ ಅಜಾಗ್ರತೆಯ ಭಾರವನ್ನು ಅವರ ಹೆಗಲಿಗೇರಿಸಿದಂತೆಯೇ ಸರಿ.

ಮರುದಿನವೇ ಹೋಗಿ ಕಂಡುದನ್ನೂ ನಮ್ಮ ಅಂಜಿಕೆಯನ್ನೂ ಹೇಳಿದೆವು. ಮಾಡು ಹೊಸದಾಗಿಸುವ ಖರ್ಚಿನಲ್ಲಿ ಅರ್ಧವನ್ನು ಅವರು ಬೆಲೆಯಲ್ಲಿ ಇಳಿಸಿದರು. ಉಳಿದರ್ಧ ನಮ್ಮ ಪಾಲಾಯಿತು. ಮನಸ್ಸು ಹಿಂಜರಿಯುವುದು ಪಾಪವಲ್ಲ. ಹಿಂಜರಿದುದನ್ನು ಬಚ್ಚಿಟ್ಟು ನೆಪ ಹುಡುಕುವುದು ಪಾಪ. ಸಂಘದ ಬಂಧುಗಳಿಗೆ ನಮ್ಮದೊಂದು ಕಿವಿಮಾತು: ಮನೆಯನ್ನು ಮಳೆಗಾಲದಲ್ಲಿ ನೋಡಿ, ಆಮೇಲೆ ಮಾತು ಕೊಡಿ.