ವಿಮೆಯಿಲ್ಲದ ಗಾಡಿಯ ಋಣ

ವಿಮೆಯಿಲ್ಲದ ವಾಹನ ಯಾರಿಗಾದರೂ ಬಡಿದಾಗ ಎರಡು ಲೆಕ್ಕ ಒಟ್ಟಿಗೇ ಹುಟ್ಟುತ್ತವೆ. ಒಂದು ಸರ್ಕಾರಕ್ಕೆ ಕಟ್ಟುವ ದಂಡ, ಇನ್ನೊಂದು ಬಿದ್ದವನಿಗೆ ಸಲ್ಲಬೇಕಾದ ಪರಿಹಾರ. ದಂಡ ಚಿಕ್ಕದು. ಮೋಟಾರು ವಾಹನ ಕಾಯ್ದೆಯ 196ನೇ ಸೆಕ್ಷನ್ನಿನ ಪ್ರಕಾರ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000; ಮೂರು ತಿಂಗಳವರೆಗೆ ಜೈಲೂ ಆಗಬಹುದು. ಪರಿಹಾರಕ್ಕೆ ಅಂಥ ಮಿತಿಯಿಲ್ಲ. ದುಡಿಯುವ ಆಳು ಸತ್ತರೆ ಅವನ ವಯಸ್ಸು, ಆದಾಯ, ಅವನನ್ನೇ ನಂಬಿಕೊಂಡವರ ಸಂಖ್ಯೆ ನೋಡಿ ನ್ಯಾಯಮಂಡಳಿ ಗೊತ್ತುಮಾಡುವ ಮೊತ್ತ ಹತ್ತಾರು ಲಕ್ಷ ಮುಟ್ಟುವುದುಂಟು. ಪಾಲಿಸಿ ಇದ್ದರೆ ಅದನ್ನು ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಆರ್‌ಸಿಯಲ್ಲಿ ಹೆಸರಿರುವವರ ತಲೆಗೆ ಬರುತ್ತದೆ. ಗಾಡಿಯನ್ನು ಮಾರಿ, ಹೆಸರು ಬದಲಾಯಿಸದೆ ಬಿಟ್ಟವರೂ ತಪ್ಪಿಸಿಕೊಳ್ಳುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹೆಸರಿನವರ ಬಳಿಯೂ ಏನೂ ಇಲ್ಲದಿದ್ದರೆ? ತನ್ನಿಂದಾದ ಹಾನಿಯನ್ನು ತುಂಬಿಕೊಡುವ ಶಕ್ತಿ ಒಬ್ಬನಿಗಿಲ್ಲದಾಗ ಆ ಋಣ ಯಾರದು ಎಂಬುದು ಕಾನೂನಿಗಿಂತ ಹಳೆಯ ಪ್ರಶ್ನೆ.

ಬಂಡಿ ಹರಿದ ಪ್ರಕರಣಗಳನ್ನು ಧರ್ಮಶಾಸ್ತ್ರಗಳು ಸಾಕಷ್ಟು ಕೂಲಂಕಷವಾಗಿಯೇ ವಿಚಾರಿಸಿವೆ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ವಿನಾಯಿತಿಗಳ ಒಂದು ಪಟ್ಟಿಯಿದೆ: ಎತ್ತಿನ ಮೂಗುದಾರ ಹರಿದಿದ್ದರೆ, ನೊಗ ಮುರಿದಿದ್ದರೆ, ಅಚ್ಚೋ ಗಾಲಿಯೋ ಕೈಕೊಟ್ಟಿದ್ದರೆ, ದಾರಿ ಬಿಡಿ ಎಂದು ಹೊಡೆಯುವವನು ಕೂಗಿದ್ದರೆ ದಂಡವಿಲ್ಲ. ಪಳಗದವನ ಕೈಯಲ್ಲಿ ಬಂಡಿ ದಾರಿ ತಪ್ಪಿದರೆ ಮಾತ್ರ ಒಡೆಯನಿಗೆ 200 ಪಣ ದಂಡ. ಅಂಥವನ ಬಂಡಿಯಲ್ಲಿ ಕೂತವರೂ ತಲೆಗೆ 100 ಪಣ ಕಟ್ಟಬೇಕು. ಹಿಂದಿನ ಸೀಟಿನವರನ್ನೂ ಕೇಳುವ ಈ ಕಟ್ಟಳೆ ಇಂದಿನ ಕಾಯ್ದೆಗಿಂತ ಬಿರುಸು. ಯಾಜ್ಞವಲ್ಕ್ಯ ಸ್ಮೃತಿಯೂ ಇದೇ ಜಾಡಿನದು. ಅದಕ್ಕೆ ವಿಜ್ಞಾನೇಶ್ವರ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದದ್ದು ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಪೆಟ್ಟು ತಿಂದವನ ಆರೈಕೆಯ ಖರ್ಚಿನ ಮಾತೂ ಮನುವಿನ ಅದೇ ಅಧ್ಯಾಯದಲ್ಲಿ ಬರುತ್ತದೆ, ನಿಜ. ಆದರೆ ಬಂಡಿಯ ವಿಷಯದಲ್ಲಿ ಶಾಸ್ತ್ರದ ಕಣ್ಣು ನೆಟ್ಟಿರುವುದು ತಪ್ಪು ಯಾರದು ಎಂಬುದರ ಮೇಲೆ, ದಂಡ ಹೋಗುವುದು ಅರಸನಿಗೆ.

ತಪ್ಪಿಗೆ ತಕ್ಕ ಶಿಕ್ಷೆಯೇ ನ್ಯಾಯದ ಪೂರ್ತಿ ಅರ್ಥವಾದರೆ ಏನಾಗುತ್ತದೆ ಎಂಬುದನ್ನು ತಿರುವಾರೂರಿನ ಮನುನೀತಿ ಚೋಳನ ಐತಿಹ್ಯದಲ್ಲಿ ನೋಡಬಹುದು. ರಾಜಕುಮಾರನ ರಥದಡಿ ಕರು ಸಾಯುತ್ತದೆ, ತಾಯಿ ಹಸು ಅರಮನೆಯ ಗಂಟೆ ಬಾರಿಸುತ್ತದೆ, ಅರಸ ಮಗನನ್ನೇ ರಥದಡಿ ಹಾಕಿಸುತ್ತಾನೆ. ಕೊನೆಗೆ ಶಿವ ಬಂದು ಸತ್ತವರನ್ನು ಬದುಕಿಸುತ್ತಾನೆ. ಶಿವ ಬಾರದೇ ಹೋಗಿದ್ದರೆ ಊರಿಗೆ ಎರಡು ಸಾವು ಉಳಿಯುತ್ತಿತ್ತು, ಹಸುವಿಗೆ ಏನೂ ದಕ್ಕುತ್ತಿರಲಿಲ್ಲ.

ತಪ್ಪನ್ನು ಇನ್ನೂ ಆಳದಲ್ಲಿ ಹುಡುಕಿದವರು ಜೈನರು. ತತ್ತ್ವಾರ್ಥಸೂತ್ರ ಹಿಂಸೆಯ ವ್ಯಾಖ್ಯೆಯೊಳಗೇ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಸೇರಿಸುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವು ಮತ್ತೂ ಖಚಿತ. ಜೀವಿ ಸಾಯಲಿ ಬದುಕಲಿ, ಅಜಾಗರೂಕನಿಗೆ ಹಿಂಸೆಯ ದೋಷ ತಪ್ಪದು. ನೋಡಿಕೊಂಡು ಹೆಜ್ಜೆಯಿಟ್ಟವನ ಕಾಲಡಿ ಜೀವಿಯೊಂದು ಸಿಕ್ಕರೂ ಅವನಿಗೆ ಕರ್ಮಬಂಧವಿಲ್ಲ. ಈ ಅಳತೆಗೋಲಿನಲ್ಲಿ ಪಾಲಿಸಿ ಮುಗಿದ ಗಾಡಿಯನ್ನು ವರ್ಷವಿಡೀ ಓಡಿಸಿ ಯಾರಿಗೂ ಬಡಿಯದೆ ಮನೆ ಸೇರಿದವನೂ, ಅಂಥದೇ ಗಾಡಿಯಲ್ಲಿ ಒಬ್ಬನನ್ನು ಕೊಂದವನೂ ಒಂದೇ ಸಾಲಿನವರು. ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ನೈತಿಕ ಅದೃಷ್ಟ ಎಂಬ ಹೆಸರಿಟ್ಟು ಚರ್ಚಿಸಿದ್ದೂ ಈ ಗಂಟನ್ನೇ. ವಿಲಿಯಮ್ಸ್ ಕೊಟ್ಟ ಉದಾಹರಣೆ ತನ್ನದೇನೂ ತಪ್ಪಿಲ್ಲದೆ ಮಗುವಿನ ಮೇಲೆ ಲಾರಿ ಹರಿಸಿದ ಚಾಲಕನದು. ಅವನು ತಪ್ಪಿತಸ್ಥನಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಅವನು ತಕ್ಷಣ ಸಮಾಧಾನವಾಗಿಬಿಟ್ಟರೆ ಅದೇ ಜನರಿಗೆ ಕಸಿವಿಸಿಯಾಗುತ್ತದೆ.

ಈ ಕಸಿವಿಸಿಯಲ್ಲೇ ಉತ್ತರದ ಎಳೆಯಿದೆ. ಪಾಪ ಬೇರೆ, ಋಣ ಬೇರೆ. ಎಚ್ಚರದಿಂದ ಓಡಿಸಿದವನಿಗೆ ಪಾಪವಿಲ್ಲದಿರಬಹುದು, ಆದರೆ ಕಾಲು ಕಳೆದುಕೊಂಡವನ ಮನೆಯ ಒಲೆ ಅದರಿಂದ ಹೊತ್ತಿಕೊಳ್ಳುವುದಿಲ್ಲ. ಈಗಿನ ಕಾಯ್ದೆಯ 164ನೇ ಸೆಕ್ಷನ್ ಇದನ್ನು ಒಪ್ಪಿಕೊಂಡಿದೆ: ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಯನ್ನು ಮಾಲೀಕನೋ ವಿಮಾ ಕಂಪನಿಯೋ ಕೊಡಬೇಕು.

ಎರಡು ಲೆಕ್ಕಗಳನ್ನು ಅತ್ಯಂತ ಸ್ಪಷ್ಟವಾಗಿ ಬೇರ್ಪಡಿಸಿದ್ದು ಇಸ್ಲಾಮಿನ ನ್ಯಾಯಶಾಸ್ತ್ರ. ಕೈತಪ್ಪಿ ಆದ ಕೊಲೆಗೆ ಕುರಾನಿನ ನಾಲ್ಕನೇ ಅಧ್ಯಾಯ ಪ್ರಾಯಶ್ಚಿತ್ತವನ್ನೂ ಹೇಳುತ್ತದೆ, ಸತ್ತವನ ಮನೆಯವರಿಗೆ ದಿಯಾ ಎಂಬ ಪರಿಹಾರವನ್ನೂ ಹೇಳುತ್ತದೆ. ಗುಲಾಮನನ್ನು ಬಿಡುಗಡೆ ಮಾಡುವುದು, ಅದಾಗದವನು ಎರಡು ತಿಂಗಳು ಬಿಡದೆ ಉಪವಾಸ ಇರುವುದು ದೇವರ ಲೆಕ್ಕ. ಅದನ್ನು ಕೊಂದವನೇ ತೀರಿಸಬೇಕು. ದಿಯಾ ಮನುಷ್ಯರ ಲೆಕ್ಕ. ಪೂರ್ತಿ ದಿಯಾ ನೂರು ಒಂಟೆ, ಒಬ್ಬನಿಂದ ಆಗುವ ಮಾತಲ್ಲ. ಹಾಗಾಗಿ ಕೈತಪ್ಪಿನ ಸಾವಿನಲ್ಲಿ ಅದನ್ನು ಆಕಿಲಾ, ಅಂದರೆ ಕೊಂದವನ ಬಳಗ, ಹಂಚಿಕೊಂಡು ಕೊಡುತ್ತಿತ್ತು. ಬಳಗವೇ ಇಲ್ಲದವನಾದರೆ ಸಾರ್ವಜನಿಕ ಖಜಾನೆಯಾದ ಬೈತುಲ್‌ಮಾಲ್ ಕೊಡಬೇಕು ಎಂಬುದು ಹಲವು ಪಂಡಿತರ ಮತ. ಆಧುನಿಕ ವಿಮೆಯ ಪ್ರೀಮಿಯಂ ಈ ಆಕಿಲಾದ ಕೆಲಸವನ್ನೇ ಮಾಡುತ್ತದೆ, ರಕ್ತಸಂಬಂಧದ ಬದಲು ರಸ್ತೆಯ ಸಂಬಂಧದ ಮೇಲೆ. ಥರ್ಡ್ ಪಾರ್ಟಿ ಪಾಲಿಸಿ ಎಂದರೆ ಇನ್ನೂ ಮುಖ ನೋಡಿರದ ಅಪರಿಚಿತನಿಗೆ ಮುಂಗಡವಾಗಿ ಕೊಟ್ಟ ಮಾತು. ಅದನ್ನು ಕಟ್ಟದವನು ಬಳಗದಿಂದ ತಾನಾಗಿಯೇ ಹೊರಗೆ ನಿಂತು, ಬಳಗದ ರಸ್ತೆಯಲ್ಲಿ ಓಡಾಡುತ್ತಿದ್ದಾನೆ. ಅವನ ತಪ್ಪು ನಡೆಯುವುದು ಡಿಕ್ಕಿಯಾದ ದಿನವಲ್ಲ, ದಿನಾ ಬೆಳಿಗ್ಗೆ ಕೀಲಿ ತಿರುಗಿಸಿದಾಗ.

ಅದೇ ಕುರಾನ್ ವಾಕ್ಯ ಮನೆಯವರು ಮನಸಾರೆ ದಿಯಾ ಬಿಟ್ಟುಕೊಡಲೂಬಹುದು ಎನ್ನುತ್ತದೆ. ನಮ್ಮ ಕಡೆ ಠಾಣೆಯ ಜಗಲಿಯಲ್ಲಿ ನಡೆಯುವ ರಾಜಿಯನ್ನು ಈ ಸಾಲಿಗೆ ಸೇರಿಸಬಾರದು. ಆಸ್ಪತ್ರೆಯ ಬಿಲ್ಲು ಬೆಳೆಯುತ್ತಿರುವಾಗ ಹತ್ತಿಪ್ಪತ್ತು ಸಾವಿರ ಕೈಗಿಟ್ಟು, ಅವನ ಬಳಿ ಇನ್ಶೂರೆನ್ಸೂ ಇಲ್ಲ, ಕೋರ್ಟಿಗೆ ಹೋದರೂ ಏನೂ ಗಿಟ್ಟದು ಎಂದು ಸಹಿ ಹಾಕಿಸಿಕೊಳ್ಳುವುದು ಕ್ಷಮೆಯಲ್ಲ, ಗತಿಗೇಡು. ಎಲ್ಲ ಗ್ರಹಚಾರ ಎಂಬ ಮಾತೂ ಹಾಗೆಯೇ. ಬಿದ್ದವನು ತನ್ನ ನೋವನ್ನು ಪೂರ್ವಕರ್ಮವೆಂದು ಸಹಿಸಿಕೊಳ್ಳುವುದು ಅವನಿಗೆ ಬಿಟ್ಟದ್ದು. ಬಡಿದವನಿಗೆ ಆ ಮಾತನ್ನಾಡುವ ಹಕ್ಕಿಲ್ಲ, ಪ್ರೀಮಿಯಂ ಕಟ್ಟದಿರುವುದು ಈ ಜನ್ಮದ ಕರ್ಮವೇ.

ಇಂಗ್ಲೆಂಡಿನಲ್ಲಿ ಸಾವಿಗೆ ಕಾರಣವಾದ ವಸ್ತುವನ್ನೇ ರಾಜಸತ್ತೆ ಮುಟ್ಟುಗೋಲು ಹಾಕಿಕೊಳ್ಳುವ ಡಿಯೋಡಾಂಡ್ ಎಂಬ ಪದ್ಧತಿಯಿತ್ತು. ರೈಲು ಎಂಜಿನ್ನುಗಳಿಗೂ ಇದು ಅನ್ವಯವಾಗತೊಡಗಿದಾಗ, 1846ರಲ್ಲಿ ರದ್ದಾಯಿತು. ಸತ್ತವನ ಕುಟುಂಬಕ್ಕೇ ಪರಿಹಾರ ಕೇಳುವ ಹಕ್ಕು ಕೊಟ್ಟ ಕಾಯ್ದೆ ಬಂದದ್ದೂ ಆ ವರ್ಷವೇ. ಭಾರತದಲ್ಲಿ ಹಳೆಯ ಪದ್ಧತಿ ಹೊಸ ವೇಷದಲ್ಲಿ ಮರಳಿದೆ, ಈ ಸಲ ಸರಿಯಾದ ಕೈಗೆ. ವಿಮೆಯಿಲ್ಲದ ವಾಹನದಿಂದ ಸಾವುನೋವಾದರೆ ಮಾಲೀಕ ಭದ್ರತೆ ಒದಗಿಸುವವರೆಗೆ ಗಾಡಿ ಬಿಡಕೂಡದು, ಒದಗಿಸದಿದ್ದರೆ ಮೂರು ತಿಂಗಳ ನಂತರ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಹಳೆಯ ಸ್ಕೂಟರೊಂದರ ಹರಾಜಿನಿಂದ ಎಷ್ಟು ಬಂದೀತು ಎಂಬುದು ಬೇರೆ ಮಾತು.

ಇನ್ನೊಂದು ವಿಚಿತ್ರ ಉಳಿದಿದೆ. ಬಡಿದು ಓಡಿಹೋದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಬಡಿದವನು ಓಡಿಹೋಗದೆ ಎದುರಿಗೇ ನಿಂತಿದ್ದು, ವಿಮೆಯೂ ಆಸ್ತಿಯೂ ಇಲ್ಲದವನಾದರೆ ಆ ಹಣವೂ ಇಲ್ಲ. 2025ರಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆ ಏಳು ದಿನ, 1.5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚನ್ನು ನೋಡಿಕೊಳ್ಳುತ್ತದೆ. ಎಂಟನೇ ದಿನದಿಂದ ಉಳಿಯುವುದು ತೀರ್ಪಿನ ಪ್ರತಿ ಮತ್ತು ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಲು ಜಿಲ್ಲಾಧಿಕಾರಿಗೆ ಬರೆಯುವ 174ನೇ ಸೆಕ್ಷನ್. ಬ್ರಿಟನ್ನಿನ ವಿಮಾ ಕಂಪನಿಗಳು 1946ರಲ್ಲೇ ಒಟ್ಟಾಗಿ ಒಂದು ಸಂಸ್ಥೆ ಕಟ್ಟಿಕೊಂಡು ವಿಮೆಯಿಲ್ಲದವರಿಂದ ನೊಂದವರಿಗೆ ಪರಿಹಾರ ಕೊಡಲು ಒಪ್ಪಿದವು. ಚಾಲಕನ ಲೈಸೆನ್ಸು ಸರಿಯಿಲ್ಲದ ಪ್ರಕರಣಗಳಲ್ಲಿ ಕಂಪನಿ ಮೊದಲು ನೊಂದವರಿಗೆ ಕೊಟ್ಟು, ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಕ್ರಮವನ್ನು ನಮ್ಮ ನ್ಯಾಯಾಲಯಗಳೂ ಎತ್ತಿಹಿಡಿದಿವೆ. ಕಾಯ್ದೆಯ 164-ಬಿ ಸೆಕ್ಷನ್ನಿನಡಿ ಅಪಘಾತ ನಿಧಿಯೊಂದು ಈಗಾಗಲೇ ಇದೆ. ವಿಮೆಯಿಲ್ಲದ ಗಾಡಿಯ ವಿಷಯದಲ್ಲೂ ಆ ನಿಧಿ ಮೊದಲು ಕೊಡಬೇಕು, ಮಾಲೀಕನ ಬೆನ್ನು ಹತ್ತುವ ಕೆಲಸ ಆಮೇಲೆ ಸರ್ಕಾರದ್ದಾಗಬೇಕು.