ಗೆರೆ ಎಲ್ಲಿಯವರೆಗೆ?

ಅಂದವಾದ ಬರವಣಿಗೆಯನ್ನು ಕಂಡರೆ ಅದರೊಳಗಿನ ಮಾತನ್ನೂ ನಾವು ಬೇಗ ನಂಬಿಬಿಡುತ್ತೇವೆ. ಇದು ನ್ಯಾಯವೇ? ಈ ಪ್ರಶ್ನೆ ನನಗೆ ಎದುರಾದದ್ದು ಯಾವ ಗ್ರಂಥದಲ್ಲಿಯೂ ಅಲ್ಲ. ಹಲಸೂರಿನ ನಮ್ಮ ಮನೆಯ ಜಗಲಿಯಲ್ಲಿ.

ಮೂವತ್ತು ವರ್ಷ ಕರಿಹಲಗೆಯ ಮೇಲೆ ಗಣಿತ ಬರೆದು ನಿವೃತ್ತನಾದವನು ನಾನು. ಸಂಜೆ ನೆರೆಹೊರೆಯ ಏಳೆಂಟು ಮಕ್ಕಳು ಪಾಠಕ್ಕೆ ಬರುತ್ತಾರೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಆಡುವವರು. ಈಚೆಗೆ ನನ್ನ ಕೈ ನಡುಗುವುದನ್ನು ಕಂಡ ಮೊಮ್ಮಗ, "ತಾತ, ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡಿ ಕಳಿಸಿಬಿಡಿ" ಎಂದು ಹೇಳಿಕೊಟ್ಟ. 'ಈಕ್ವೇಶನ್' ಎಂಬುದನ್ನು ತೆರೆದು, ಒಂದು ಓರೆಗೆರೆ ಹಾಕಿ, ಇಂಗ್ಲಿಷಿನಲ್ಲಿ 'ಆಲ್ಫಾ' ಎಂದು ಬರೆದು ಸ್ಪೇಸ್ ಒತ್ತಿದರೆ ಸಾಕು, ಗ್ರೀಕ್ ಅಕ್ಷರ ತಾನೇ ಮೂಡುತ್ತದೆ. ಭಿನ್ನರಾಶಿಯ ಗೆರೆಯೂ ವರ್ಗಮೂಲದ ಚಪ್ಪರವೂ ಹಾಗೆಯೇ ಎದ್ದು ನಿಲ್ಲುತ್ತವೆ.

ವರ್ಗಸಮೀಕರಣದ ಸೂತ್ರವನ್ನು ಹೀಗೆ ಸಿದ್ಧಪಡಿಸಿ ಕಳುಹಿಸಿದೆ. ಅಚ್ಚಿನ ಪುಸ್ತಕದಂತೆ ಕಾಣುತ್ತಿತ್ತು. ಜೊತೆಗೊಂದು ಲೆಕ್ಕ: ಒಂದು ಸಂಖ್ಯೆಯ ವರ್ಗದಿಂದ ಅದರ ಐದರಷ್ಟನ್ನು ಕಳೆದು 6 ಕೂಡಿಸಿದರೆ ಸೊನ್ನೆ, ಆ ಸಂಖ್ಯೆ ಯಾವುದು? ಉತ್ತರ 2 ಮತ್ತು 3. ಮಕ್ಕಳು ತಂದದ್ದು 4.5 ಮತ್ತು 5.5!

ಒಬ್ಬ ಹುಡುಗಿ ಮಾತ್ರ ಅಳುಕುತ್ತ, "ಸಾರ್, 5.5 ಹಾಕಿ ನೋಡಿದೆ. ಸೊನ್ನೆ ಬರಲ್ಲ, 8.75 ಬರುತ್ತೆ" ಎಂದಳು. ಉಳಿದವರು ನಕ್ಕರು: "ಪ್ರಿಂಟಲ್ಲಿರೋದು ತಪ್ಪಾಗುತ್ತೇನೇ?"

ಕನ್ನಡಕ ಹಾಕಿ ನೋಡಿದೆ. ಭಾಗಾಕಾರದ ಗೆರೆ ವರ್ಗಮೂಲದ ಅಡಿಯಲ್ಲಿ ಮಾತ್ರ ಇತ್ತು. ಮೊದಲ ಪದ ಅಂಶದೊಳಗೆ ಸೇರದೆ ಹೊರಗೇ ನಿಂತಿತ್ತು. "ಯಂತ್ರದ ತಪ್ಪು" ಎಂಬ ಮಾತು ನಾಲಗೆಯ ತುದಿಗೆ ಬಂತು. ಆದರೆ ಯಂತ್ರ ನಾನು ಹೇಳಿದ್ದನ್ನೇ ಮಾಡಿತ್ತು. ಹಲಗೆಯ ಮೇಲಾಗಿದ್ದರೆ ಅಂಶವನ್ನೆಲ್ಲ ಬರೆದು, ಅದರ ಉದ್ದಕ್ಕೂ ಗೆರೆ ಎಳೆಯುತ್ತಿದ್ದೆ. ಇಲ್ಲಿ ಗೆರೆ ಮೊದಲೇ ಬಂದು ಕುಳಿತಿತ್ತು. ಚೆಲುವೂ ಮೊದಲೇ ಬಂದಿತ್ತು. ಕೆಲಸ ಮುಗಿಯಿತೆಂದು ಕಣ್ಣು ಒಪ್ಪಿದ ಮೇಲೆ ಬುದ್ಧಿ ಮತ್ತೆ ನೋಡಲಿಲ್ಲ.

ಹಾಗೆಂದು ಅಂದವನ್ನು ಹಳಿಯಲಾರೆ. 'ಇದಕ್ಕೆ ಸಮ' ಎಂದು ಪದೇ ಪದೇ ಬರೆಯುವ ಬೇಸರ ತಪ್ಪಿಸಲು ರಾಬರ್ಟ್ ರೆಕಾರ್ಡ್ 1557ರಲ್ಲಿ ಎರಡು ಸಮಾಂತರ ಗೆರೆಗಳ ಚಿಹ್ನೆ ತಂದ. ಸ್ಪಷ್ಟವಾಗಿ ಬರೆಯುವುದು ಓದುವವನ ಮೇಲಿನ ದಯೆ. ತಮ್ಮ ಗ್ರಂಥದ ಹೊಸ ಮುದ್ರಣದ ಕರಡು ಅಂದಗೆಟ್ಟದ್ದನ್ನು ಕಂಡು, 1977ರಲ್ಲಿ ಗಣಿತದ ಅಚ್ಚುಜೋಡಣೆಗಾಗಿ 'ಟೆಕ್' ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದವರು ಡೊನಾಲ್ಡ್ ಕ್ನೂತ್. ತಮ್ಮ ಪುಸ್ತಕದಲ್ಲಿ ತಪ್ಪನ್ನು ಮೊದಲು ತೋರಿಸಿದವರಿಗೆ 2.56 ಡಾಲರು ಬಹುಮಾನವೆಂದು ಸಾರಿದವರೂ ಅವರೇ. ಅಚ್ಚಿನ ಚೆಲುವಿಗಾಗಿ ಅಷ್ಟು ದುಡಿದವರೂ ಅದು ಸತ್ಯಕ್ಕೆ ಜಾಮೀನಾಗುವುದೆಂದು ನಂಬಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಬುದ್ಧಿ ಹೇಳುವುದು ಸುಲಭ. ಆದರೆ ನೀರನ್ನು ಹಾಲಿನ ಲೋಟದಲ್ಲಿಟ್ಟು ಕೊಟ್ಟವನು ನಾನು. ಓದುವವನು ಸಂಶಯಪಡಬೇಕು, ನಿಜ. ಅದಕ್ಕಿಂತ ಮೊದಲು ಬರೆದವನು ತನ್ನ ಬರಹವನ್ನು ಸಂಶಯದಿಂದ ನೋಡಬೇಕು. ಬರಹ ಅಂದವಾದಷ್ಟೂ ಈ ಹೊಣೆ ಹೆಚ್ಚುತ್ತದೆ, ಏಕೆಂದರೆ ಓದುವವನ ಎಚ್ಚರವನ್ನು ಅದು ಮಲಗಿಸುತ್ತದೆ.

"ತಪ್ಪು ನನ್ನದು, ಇವಳದು ಸರಿ" ಎಂದು ಎಲ್ಲರೆದುರಿಗೆ ಹೇಳಿದೆ. ನಗು ನಿಂತಿತು. ಹುಡುಗಿ ನನ್ನನ್ನು ನೋಡದೆ ಪುಸ್ತಕ ತೆರೆದು, ಗೆರೆಯನ್ನು ಎಡಕ್ಕೆ ಎಳೆದು ಉದ್ದ ಮಾಡಿಕೊಂಡಳು.