ಮಹಡಿ ಹತ್ತದ ವೈಫೈ

ಬೆಂಗಳೂರು, ಮೈಸೂರುಗಳ 30×40 ಸೈಟಿನ ಮನೆಗಳಲ್ಲಿ ವೈಫೈ ಡಬ್ಬಿ ಎಲ್ಲಿರುತ್ತದೆಂದು ಹುಡುಕಬೇಕಾಗಿಲ್ಲ. ಕೇಬಲ್ ಎಳೆಯಲು ಬಂದ ಹುಡುಗ ಬೀದಿಯ ಕಂಬಕ್ಕೆ ಹತ್ತಿರದ ಕಿಟಕಿಯ ಪಕ್ಕ ತೂತು ಕೊರೆದು, ಟಿವಿ ಶೋಕೇಸಿನ ಮೂಲೆಯಲ್ಲಿ ಅದನ್ನು ಕೂರಿಸಿ ಹೋಗಿರುತ್ತಾನೆ. ಅವನಿಗೆ ವೈರು ಉಳಿಯಿತು. ಮಹಡಿಯ ಹಿಂದಿನ ಕೋಣೆಯಲ್ಲಿ ಆಫೀಸ್ ಮೀಟಿಂಗಿಗೆ ಕೂತ ಮಗಳಿಗೆ ಮಾತ್ರ ಒಂದೇ ಕಡ್ಡಿ ಸಿಗ್ನಲ್. ನಾಲ್ಕು ಸಲ 'ನಿಮ್ಮ ದನಿ ಕಟ್ ಆಗ್ತಿದೆ' ಅನ್ನಿಸಿಕೊಂಡ ಮೇಲೆ ಮನೆಯವರದೆಲ್ಲ ಒಂದೇ ತೀರ್ಮಾನ: ಇನ್ನೊಂದೆರಡು ಡಬ್ಬಿ ಕೂಡಿಸುವ ಮೆಶ್ ಹಾಕಿಸಿಬಿಡೋಣ.

ಹಾಕಿಸಬಹುದು. ಅದಕ್ಕೆ ಮೊದಲು ಡಬ್ಬಿಯ ಎದುರೇ ನಿಂತು ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ ನೋಡಿ. ಅಲ್ಲೇ ವೇಗ ಇಲ್ಲವೆಂದರೆ ಜಗಳ ಆಡಬೇಕಾದ್ದು ಕಂಪನಿಯ ಜೊತೆ, ಗೋಡೆಯ ಜೊತೆಯಲ್ಲ. ನೀವು ದುಡ್ಡು ಕಟ್ಟುತ್ತಿರುವುದು 40 ಎಂಬಿಪಿಎಸ್‌ಗಾದರೆ, ಎಷ್ಟು ಡಬ್ಬಿ ಇಟ್ಟರೂ ಇಂಟರ್ನೆಟ್ ಅದನ್ನು ದಾಟುವುದಿಲ್ಲ.

ಡಬ್ಬಿಯ ಎದುರು ಸರಿಯಿದ್ದು ಮಹಡಿಯಲ್ಲಿ ಸೋತರೆ ಆಗ ಗೋಡೆಯ ವಿಚಾರ. ವೈಫೈಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ದಾರಿ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್‌ಗೆ ವೇಗವಿದೆ, ಗೋಡೆ ಎದುರಾದರೆ ಬೇಗ ಸೊರಗುತ್ತದೆ. ಕಬ್ಬಿಣದ ಸರಳು ತುಂಬಿದ ಮೋಲ್ಡ್ ಎರಡಕ್ಕೂ ಕಷ್ಟವೇ. ನಡುವೆ ಕಬ್ಬಿಣದ ಬೀರು ನಿಂತಿದ್ದರೆ ಕೇಳುವುದೇ ಬೇಡ. ಡಬ್ಬಿಯನ್ನು ಶೋಕೇಸಿನಿಂದ ಬಿಡಿಸಿ, ಮನೆಯ ನಡುಭಾಗಕ್ಕೆ ತಂದು, ಆಳೆತ್ತರದಲ್ಲಿಟ್ಟರೆ ಎಷ್ಟೋ ಮನೆಗಳಲ್ಲಿ ಖರ್ಚೇ ತಪ್ಪುತ್ತದೆ.

ಅದಕ್ಕೂ ಬಗ್ಗದಿದ್ದರೆ ಸಿಗ್ನಲ್ ಹಿಡಿದು ಮುಂದೆ ಹಂಚುವ ಇನ್ನೊಂದು ಡಬ್ಬಿ ಬೇಕು. ಅಗ್ಗಕ್ಕೆ ಸಿಗುವ ರಿಪೀಟರ್ ನನಗೆ ಅಷ್ಟು ಹಿಡಿಸುವುದಿಲ್ಲ. ಪಂಕ್ತಿಯಲ್ಲಿ ಹುಳಿ ಬಡಿಸುವವನೇ ಪ್ರತಿ ಸಲ ಅಡುಗೆಮನೆಗೆ ಓಡಿ ತುಂಬಿಸಿಕೊಂಡು ಬರಬೇಕಾದರೆ ಹೇಗೋ ಹಾಗೆ: ಒಂದೇ ರೇಡಿಯೊ ಕೇಳಿಸಿಕೊಂಡು, ಮತ್ತೆ ಅದೇ ರೇಡಿಯೊ ಹೇಳಬೇಕು, ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಮೆಶ್‌ನಲ್ಲಿ ಎಲ್ಲ ಡಬ್ಬಿಗಳೂ ಒಂದೇ ಹೆಸರು, ಒಂದೇ ಪಾಸ್‌ವರ್ಡಿನಲ್ಲಿ ಕೂಡಿ ಕೆಲಸ ಮಾಡುತ್ತವೆ. ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಲೇ ಮೆಟ್ಟಿಲು ಹತ್ತಿದರೆ ಫೋನು ಕೆಳಗಿನ ಡಬ್ಬಿ ಬಿಟ್ಟು ಮೇಲಿನದನ್ನು ಹಿಡಿದುಕೊಳ್ಳುತ್ತದೆ. ಕೆಲವು ಹಟಮಾರಿ ಫೋನುಗಳು ಕೆಳಗಿನದನ್ನೇ ಕಚ್ಚಿಕೊಂಡಿರುವುದೂ ಉಂಟು. ಟ್ರೈ-ಬ್ಯಾಂಡ್ ಮೆಶ್‌ಗೆ ಬೆಲೆ ಜಾಸ್ತಿ, ಏಕೆಂದರೆ ಡಬ್ಬಿಗಳು ತಮ್ಮತಮ್ಮೊಳಗೆ ಮಾತಾಡಿಕೊಳ್ಳಲು ಅದರಲ್ಲಿ ಇನ್ನೊಂದು ರೇಡಿಯೊ ಇರುತ್ತದೆ.

ಸಾವಿರಗಟ್ಟಲೆ ಸುರಿದು ತಂದ ಮೇಲೂ ಜನ ಎರಡನೆಯ ಡಬ್ಬಿಯನ್ನು ಒಯ್ದು ಸಿಗ್ನಲ್ ಬಾರದ ಕೋಣೆಯೊಳಗೇ ಇಡುತ್ತಾರೆ. ಸಿಗ್ನಲ್ಲೇ ಬಾರದ ಕಡೆ ಅದಾದರೂ ಏನನ್ನು ಹಿಡಿದು ಹಂಚೀತು? ಮೊದಲ ಡಬ್ಬಿಯ ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕಡೆ, ಅರ್ಧ ದಾರಿಯಲ್ಲಿ ಅದು ಇರಬೇಕು. ಮನೆಯೊಳಗೇ ಮೆಟ್ಟಿಲಿದ್ದರೆ ಅದರ ತಿರುವು ಒಳ್ಳೆಯ ಜಾಗ, ಅಲ್ಲಿ ಮೋಲ್ಡಿನ ಅಡ್ಡಿಯಿಲ್ಲ. ಅಲ್ಲಿ ಪ್ಲಗ್ ಪಾಯಿಂಟೂ ಇರುವುದಿಲ್ಲ ಎಂಬುದು ಬೇರೆ ಮಾತು! ಇನ್ನು ಕರೆಂಟು ಹೋದಾಗಿನ ಕತೆ: ಕೆಳಗಿನ ಡಬ್ಬಿ ಯುಪಿಎಸ್ ಮೇಲೆ ಉರಿಯುತ್ತಿರುತ್ತದೆ, ಮೇಲಿನದು ಕಣ್ಣು ಮುಚ್ಚಿರುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಎರಡು ಡಬ್ಬಿಗಳ ನಡುವೆ ಒಂದು ಲ್ಯಾನ್ ಕೇಬಲ್. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ವೇಗವನ್ನು ಸಲೀಸಾಗಿ ಒಯ್ಯುತ್ತದೆ, ಗೋಡೆಯ ತಂಟೆಯೇ ಇಲ್ಲ. ಆದರೆ ಕಟ್ಟಿ ಮುಗಿದ ಮನೆಯಲ್ಲಿ ಅದನ್ನು ಎಳೆಸಲು ಹೋದರೆ ಹೊಸ ಪೇಂಟಿನ ಮೇಲೆ ಕೇಸಿಂಗ್ ಪಟ್ಟಿ ಹೊಡೆಯಬೇಕು. ಬಾಡಿಗೆ ಮನೆಯಾದರೆ ಓನರ್ ಒಂದು ಮೊಳೆಗೂ ಒಪ್ಪುವುದಿಲ್ಲ.

ಆದ್ದರಿಂದ ಈಗ ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಮೋಲ್ಡ್ ಹಾಕುವ ಮುನ್ನ ಎಲೆಕ್ಟ್ರಿಷಿಯನ್ನನ್ನು ಕರೆದು, ಫೈಬರ್ ಒಳಬರುವ ಜಾಗದಿಂದ ಪ್ರತಿ ಮಹಡಿಯ ನಡುಭಾಗಕ್ಕೆ ಒಂದೊಂದು ಖಾಲಿ ಪೈಪ್ ಬಿಡಿಸಿ. ಲ್ಯಾನ್ ಕೇಬಲನ್ನು ಕರೆಂಟ್ ವೈರಿನ ಪೈಪಿನಲ್ಲೇ ತೂರಿಸಿಬಿಡುತ್ತೇನೆ ಎಂದರೆ ಒಪ್ಪಬೇಡಿ. ಪೈಪ್ ಮುಗಿಯುವ ಕಡೆ ಒಂದು ಪ್ಲಗ್ ಪಾಯಿಂಟ್ ಇರಲಿ, ಅದೂ ಯುಪಿಎಸ್ ಲೈನಿನಿಂದ.